ತೆಪ್ಪಕ್ಕೆ ಡಾಂಬರು, ಕಡಲ ದೋಣಿಗೆ ಕೆಂಪು ಬಣ್ಣ

ಪ್ರಶ್ನೆ: ಮಲ್ಪೆಯಲ್ಲಿ ದೋಣಿಗಳ ತಳಕ್ಕೆ ಕೆಂಪು ಬಣ್ಣ ಬಳಿಯುತ್ತಾರೆ. ನಮ್ಮ ಹೊಗೇನಕಲ್ ತೆಪ್ಪಗಳಿಗೆ ಬರೀ ಡಾಂಬರು ಏಕೆ?
– ಓದುಗರು, ಹನೂರು

ಎರಡರ ಕೆಲಸವೇ ಬೇರೆ. ಡಾಂಬರು ನೀರು ಜಿನುಗದಿರಲಿ ಎಂದು. ಬಿದಿರಿನ ಸೀಳುಗಳನ್ನು ಬುಟ್ಟಿಯ ಹಾಗೆ ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಕಾಸಿದ ಡಾಂಬರು ಸವರುತ್ತಾರೆ.

ಕಡಲ ದೋಣಿಯದು ವಿಷದ ಬಣ್ಣ. ಉಪ್ಪುನೀರಿನಲ್ಲಿ ಸುಣ್ಣದ ಚಿಪ್ಪಿನ ಬಾರ್ನಕಲ್‌ಗಳು ತಳಕ್ಕೆ ಕಚ್ಚಿಕೊಂಡರೆ ದೋಣಿಯ ವೇಗ ತಗ್ಗುತ್ತದೆ, ಡೀಸೆಲ್ ಖರ್ಚು ಏರುತ್ತದೆ. ಬಣ್ಣದೊಳಗಿನ ತಾಮ್ರದ ಆಕ್ಸೈಡ್ ಸ್ವಲ್ಪಸ್ವಲ್ಪವೇ ಕರಗುತ್ತಾ ಅವನ್ನು ದೂರವಿಡುತ್ತದೆ. ಎಷ್ಟೋ ಬಣ್ಣಗಳ ಕೆಂಪು ಅದರದೇ. ಇದಕ್ಕಿಂತ ಉಗ್ರವಾದ, ತವರದ ಸಂಯುಕ್ತವಾದ ಟಿಬಿಟಿ ಸಿಂಪಿ, ಬಸವನಹುಳುಗಳನ್ನೂ ಕೆಡಿಸಿದ್ದರಿಂದ 2008ರಲ್ಲಿ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂತು.

ಕಾವೇರಿಯ ಸಿಹಿನೀರಿನಲ್ಲಿ ಬಾರ್ನಕಲ್ ಕಾಟವಿಲ್ಲ. ತೆಪ್ಪವನ್ನು ದಡಕ್ಕೆಳೆದು ಬೋರಲು ಹಾಕಿದರೆ ಪಾಚಿಯೂ ಒಣಗಿ ಉದುರುತ್ತದೆ. ಕೆರೆಯಲ್ಲಿ ಫೈಬರ್ ದೋಣಿ ಇಡುವವರಿಗೂ ಆಗಾಗ ಉಜ್ಜಿ ತೊಳೆಯುವುದೇ ಸಾಕೆನ್ನುತ್ತೇನೆ. ಮೀನಿರುವ ನೀರಿಗೆ ತಾಮ್ರ ಯಾಕೆ? ಅಲ್ಯೂಮಿನಿಯಂ ದೋಣಿಗಂತೂ ತಾಮ್ರದ ಬಣ್ಣ ಬೇಡವೇ ಬೇಡ, ಲೋಹವನ್ನೇ ತಿಂದುಹಾಕುತ್ತದೆ.