ಹುಲ್ಲುನೆಲಕ್ಕೆ ಗೊಬ್ಬರ: ಮಣ್ಣಿನ ಇಂಗಾಲ ಹೆಚ್ಚುವುದೇ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೆಂಪು ಭೂಮಿಯಲ್ಲಿ ಹೊಗೆಸೊಪ್ಪು, ರಾಗಿ ಬೆಳೆಯುವ ರೈತ ಬಾಂಧವರು ಬೆಳೆಗೆ ಗೊಬ್ಬರ ಹಾಕಲು ಮರೆಯುವುದಿಲ್ಲ. ಆದರೆ ದನ ಮೇಯುವ ಬೀಳು, ಬದು, ಗೋಮಾಳಗಳಿಗೆ ಏನು ಕೊಡುತ್ತೀರಿ? ಹಸು ಹಗಲು ಅಲ್ಲಿ ಮೇಯುತ್ತದೆ. ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದ ಸಗಣಿ ಗಂಜಲ ತಿಪ್ಪೆ ಸೇರಿ ಹೊಲಕ್ಕೆ ಹೋಗುತ್ತದೆ. ಹೀಗೆ ಹುಲ್ಲುನೆಲದ ಸಾರ ವರ್ಷ ವರ್ಷವೂ ಹೊಲಕ್ಕೆ ಸಾಗುತ್ತದೆ, ಹಿಂದಿರುಗುವುದು ಅತ್ಯಲ್ಪ.

“ಒಂದು ಮೂಟೆ ಯೂರಿಯಾ ಎರಚಿದರೆ ಸಾಲದೇ?” ಎಂದು ನೀವು ಕೇಳಬಹುದು. ಹುಲ್ಲು ಹಸಿರಾಗುವುದು ನಿಜ. ಆದರೆ ಮಣ್ಣಿಗೆ ಇಂಗಾಲ ಬರುವುದು ಮೂಟೆಯಿಂದಲ್ಲ. ಎಲೆ ಗಾಳಿಯಿಂದ ಹೀರಿದ ಇಂಗಾಲ ಬೇರು, ಕೂಳೆ, ತರಗು, ಸಗಣಿಗಳ ಮೂಲಕ ಮಣ್ಣು ಸೇರಬೇಕು. ಗೊಬ್ಬರದಿಂದ ಹೆಚ್ಚಿದ ಹುಲ್ಲನ್ನು ಬುಡಮಟ್ಟ ಕೊಯ್ದು ಸಾಗಿಸಿದರೆ ಮಣ್ಣಿಗೆ ಉಳಿಯುವುದೇನು?

ಇನ್ನೊಂದು ಅಪಾಯವೂ ಇದೆ. 100 ಕಿಲೋ ಯೂರಿಯಾ ಉಂಟುಮಾಡುವ ಹುಳಿಯನ್ನು ಸರಿಪಡಿಸಲು ಸುಮಾರು 80 ಕಿಲೋ, ಅಷ್ಟೇ ಅಮೋನಿಯಂ ಸಲ್ಫೇಟಿಗೆ ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾದ ಹುಲ್ಲುಗಾವಲು ಪ್ರಯೋಗದಲ್ಲಿ, ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟ್ ಪಡೆದ ತಾಕುಗಳ ಮಣ್ಣು ಬಹಳ ಹುಳಿಯಾಗಿ, ಹಲವು ಜಾತಿಯ ಹುಲ್ಲುಗಳು ಅಳಿದವು. ಕೊಳೆಯದ ಹುಲ್ಲು ಮೇಲೆ ಚಾಪೆಯಂತೆ ಕೂತಿತು.

ನಮ್ಮ ಕೆಂಪು ಮಣ್ಣಿನ ಪಾಠವೂ ಇದೇ ಬಗೆಯದು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1986ರಿಂದ ರಾಗಿ–ಮುಸುಕಿನ ಜೋಳದ ಮೇಲೆ ದೀರ್ಘಾವಧಿ ಪ್ರಯೋಗ ನಡೆದಿದೆ. ಇದು ಹುಲ್ಲಿನ ಪ್ರಯೋಗವಲ್ಲ. ಆದರೂ ಬರೀ ಸಾರಜನಕ ಪಡೆದ ತಾಕುಗಳು ಹಿಂದೆ ಬಿದ್ದು, ಶಿಫಾರಸಿನ ಗೊಬ್ಬರದೊಡನೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳಲ್ಲಿ ಇಳುವರಿಯೂ ಸಾವಯವ ಇಂಗಾಲವೂ ಮೇಲಾದುದನ್ನು ಗಮನಿಸಿ.

ಹಾಗಾದರೆ ನೀವು ಮಾಡಬೇಕಾದುದೇನು?

1. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬೀಳಿನ ಮಣ್ಣನ್ನು ಹೊಲದ ಮಣ್ಣಿನೊಡನೆ ಬೆರೆಸದೆ, 15 ಸೆಂಟಿಮೀಟರ್ ಆಳದಿಂದ ತೆಗೆಯಿರಿ. ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ.

2. ಮುಂಗಾರಿನಲ್ಲಿ ಹುಲ್ಲು ಚಿಗುರಿ ಬೀಜ ಕಟ್ಟುವವರೆಗೆ ದನ ಬಿಡಬೇಡಿ. ಗೋಮಾಳವಾದರೆ ಊರಿನವರೆಲ್ಲ ಕೂಡಿ, ಒಂದೊಂದು ವರ್ಷ ಒಂದೊಂದು ಭಾಗಕ್ಕೆ ಬಿಡುವು ಕೊಡಿ. ಕೊಯ್ಯುವಾಗ 10 ಸೆಂಟಿಮೀಟರ್ ಕೂಳೆ ಉಳಿಸಿ.

3. ಸ್ಟೈಲೋ ಎಂಬ ದ್ವಿದಳ ಮೇವನ್ನು ಹುಲ್ಲಿನ ನಡುವೆ ಬಿತ್ತಿ. ಇದು ಗಾಳಿಯ ಸಾರಜನಕವನ್ನೇ ಒದಗಿಸುತ್ತದೆ. ಬೀಜದ ಸಿಪ್ಪೆ ಗಟ್ಟಿಯಾದುದರಿಂದ 80 ಡಿಗ್ರಿ ಸೆಂಟಿಗ್ರೇಡ್ ಬಿಸಿನೀರಿನಲ್ಲಿ 4–5 ನಿಮಿಷ ಇಟ್ಟು ತೆಗೆದು ಬಿತ್ತಬೇಕು.

4. ಕುರಿ ಮಂದೆಯನ್ನು ಹೊಲದಲ್ಲಷ್ಟೇ ಅಲ್ಲ, ಸರದಿಯಂತೆ ಬೀಳಿನಲ್ಲೂ ಕಟ್ಟಿಸಿ.

5. ರಾಸಾಯನಿಕ ಗೊಬ್ಬರ ಕೊಡುವುದಾದರೆ ಪರೀಕ್ಷೆಯ ಶಿಫಾರಸಿನಂತೆ, ರಂಜಕವನ್ನೂ ಸೇರಿಸಿ, ಮಣ್ಣು ಹಸಿಯಿರುವಾಗ ಕೊಡಿ. ಹುಳಿ ಇದ್ದರೆ ಮೊದಲು ಸುಣ್ಣ ಹಾಕಿ.

6. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಇಡಬೇಡಿ.

ಫಲ ಒಂದೇ ವರ್ಷದಲ್ಲಿ ಕಾಣದು. ಒಂದು ಹೆಕ್ಟೇರಿನ ಮೇಲ್ಪದರದ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಇಂಗಾಲ ಶೇಕಡ 0.1ರಷ್ಟು ಏರಲು 2,000 ಕಿಲೋ ಇಂಗಾಲ ಅಲ್ಲಿ ನೆಲೆ ನಿಲ್ಲಬೇಕು. ಸೇರಿದ ತರಗು, ಸಗಣಿಯ ಹೆಚ್ಚು ಭಾಗ ಕೊಳೆತು ಗಾಳಿಗೆ ಹೋಗುವುದು. ಆದುದರಿಂದ ಈ ವರ್ಷದ ಪರೀಕ್ಷಾ ಚೀಟಿಯನ್ನು ಜೋಪಾನವಾಗಿಟ್ಟು, ನಾಲ್ಕೈದು ವರ್ಷಗಳ ನಂತರ ಅದೇ ಜಾಗದ ಮಣ್ಣನ್ನು ಮತ್ತೆ ಪರೀಕ್ಷಿಸಿ ಹೋಲಿಸಿ ನೋಡಿ.