ರಕ್ತಕಣದ ಅಸಲಿ ಆಕಾರ

ಜ್ವರ ಎಂದು ಹುಮನಾಬಾದ್ ಅಥವಾ ಬಸವಕಲ್ಯಾಣದ ತಾಲ್ಲೂಕು ಆಸ್ಪತ್ರೆಗೆ ಹೋದರೆ ಡಾಕ್ಟರು ಮೊದಲು ಬರೆದುಕೊಡುವುದು ರಕ್ತ ಪರೀಕ್ಷೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಿಡಿದ ರಕ್ತದ ಕಣಗಳನ್ನು ಯಂತ್ರ ಎಣಿಸುತ್ತದೆ. ಸಂಶಯ ಬಂದರೆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ, ಲೀಷ್ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಲೇರಿಯಾ, ರಕ್ತಹೀನತೆಗಳನ್ನು ಗುರುತಿಸಲು ಇಷ್ಟು ಧಾರಾಳವಾಗಿ ಸಾಕು.

ಆದರೆ ಬೆಳಕಿಗೂ ಒಂದು ಮಿತಿಯಿದೆ. ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಅದಕ್ಕೆ ಒಂದಾಗಿಯೇ ಕಾಣುತ್ತವೆ. ಏಳೆಂಟು ಮೈಕ್ರಾನ್ ಅಗಲದ ಕೆಂಪು ರಕ್ತಕಣ ಕಂಡರೂ ಅದರ ಪೊರೆಯ ವಿವರ ಕಾಣದು. 1931ರಲ್ಲಿ ಬರ್ಲಿನ್‌ನ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನ್‌ಗಳನ್ನು ಬಳಸಿ ಈ ಮಿತಿ ದಾಟುವ ದಾರಿ ತೆರೆದರು. ಅದಕ್ಕಾಗಿ ರುಸ್ಕಾರಿಗೆ ನೊಬೆಲ್ ಬಂದದ್ದು 1986ರಲ್ಲಿ.

ಕಷ್ಟವಿರುವುದು ನೋಡುವುದಕ್ಕಿಂತ ಹೆಚ್ಚಾಗಿ ಸಿದ್ಧಪಡಿಸುವುದರಲ್ಲಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೆ ಗಾಳಿಯೇ ಇರುವುದಿಲ್ಲ. ಹಸಿ ಕಣವನ್ನು ಹಾಗೇ ಇಟ್ಟರೆ ನೀರೆಲ್ಲ ಆವಿಯಾಗಿ, ಬಿಸಿಲಿಗೆ ಹಾಕಿದ ಮೆಣಸಿನಕಾಯಿಯಂತೆ ಮುದುಡಿಬಿಡುತ್ತದೆ. ಆಕಾರ ಕೆಡದಂತೆ ನೀರು ತೆಗೆಯುವುದೇ ಇಲ್ಲಿನ ಕಸುಬು.

ಮೊದಲು ಗ್ಲುಟರಾಲ್ಡಿಹೈಡ್ ದ್ರಾವಣ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಕಣವನ್ನು ಇದ್ದಂತೆಯೇ ನಿಲ್ಲಿಸುತ್ತದೆ. ಇದನ್ನು ಬೆರೆಸುವ ಬಫರ್‌ನಲ್ಲಿ ಉಪ್ಪಿನ ಅಂಶ ಹೆಚ್ಚಾದರೆ ಕೆಂಪು ಕಣ ಮುಳ್ಳುಮುಳ್ಳಾಗುತ್ತದೆ, ಕಡಿಮೆಯಾದರೆ ಉಬ್ಬಿ ಗುಂಡಾಗುತ್ತದೆ. ಕಾಯಿಲೆಯಿಂದಲೂ ಇಂಥ ಆಕಾರಗಳು ಬರುವುದರಿಂದ ತಯಾರಿ ತಪ್ಪಿದರೆ ಇಲ್ಲದ ರೋಗವೂ ಕಂಡೀತು. ಆಮೇಲೆ ಪೊರೆಯ ಕೊಬ್ಬನ್ನು ಹಿಡಿದಿಡಲು ಆಸ್ಮಿಯಂ ಟೆಟ್ರಾಕ್ಸೈಡ್. ಅದರ ಆವಿ ಕಣ್ಣಿಗೆ ಅಪಾಯ. ಹೊಗೆ ಹೀರುವ ಗೂಡಿನಲ್ಲಿಟ್ಟೇ ಕೆಲಸ ಮಾಡಬೇಕು. ಮೂವತ್ತರಿಂದ ನೂರು ಪರ್ಸೆಂಟಿನವರೆಗೆ ಆಲ್ಕೋಹಾಲ್ ಏರಿಸುತ್ತ ಹೋಗಿ ನೀರು ಬಿಡಿಸುತ್ತಾರೆ. ಕೊನೆಗೆ ದ್ರವ ಇಂಗಾಲದ ಡೈಆಕ್ಸೈಡ್ ತುಂಬಿ, 31 ಡಿಗ್ರಿ ಸೆಲ್ಸಿಯಸ್ ಮತ್ತು 73 ವಾತಾವರಣದ ಒತ್ತಡ ದಾಟಿಸಿ ಮೆಲ್ಲಗೆ ಅನಿಲವಾಗಿ ಹೊರಬಿಡುತ್ತಾರೆ. ಆ ಹಂತದಲ್ಲಿ ದ್ರವ, ಅನಿಲ ಎಂಬ ಭೇದವೇ ಅಳಿಯುವುದರಿಂದ ಮೇಲ್ಮೈ ಎಳೆತದಿಂದ ಕಣ ಕುಸಿಯುವುದಿಲ್ಲ. ಮೇಲೊಂದು ತೆಳು ಚಿನ್ನದ ಲೇಪ ಕೊಟ್ಟರೆ ಕಣ ತಯಾರು.

ಆಗ ಕಾಣುವ ನೋಟವೇ ಬೇರೆ. ಎರಡೂ ಬದಿ ನಡುವೆ ತಗ್ಗಿದ ನುಣುಪು ಬಿಲ್ಲೆಗಳು, ಪಕ್ಕದಲ್ಲಿ ಮೈಯೆಲ್ಲ ಸುಕ್ಕಿನ ಬಿಳಿ ಕಣ. ಎಲ್ಲವೂ ಬೂದು ಬಣ್ಣದಲ್ಲಿ; ಪಠ್ಯಪುಸ್ತಕದ ಚಿತ್ರಗಳಲ್ಲಿರುವ ಕೆಂಪು ಆಮೇಲೆ ತುಂಬಿದ್ದು. ಕಣದ ಒಡಲು ನೋಡಬೇಕಾದರೆ ಅದನ್ನು ರಾಳದಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ 70 ನ್ಯಾನೋಮೀಟರ್ ಆಸುಪಾಸಿನ ಪದರಗಳಾಗಿ ಸೀಳಬೇಕು. ಪ್ಲೇಟ್‌ಲೆಟ್‌ಗೆ ಮಾತ್ರ ಒಂದು ಸುಲಭದ ದಾರಿಯಿದೆ. ತಾಮ್ರದ ಜಾಲರಿಯ ಮೇಲಿನ ತೆಳು ಪೊರೆಗೆ ಪ್ಲಾಸ್ಮಾದ ಹನಿ ಇಟ್ಟು ಒಣಗಿಸಿದರೆ, ಬಣ್ಣವಿಲ್ಲದೆಯೇ ಕ್ಯಾಲ್ಸಿಯಂ ತುಂಬಿದ ಕಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ. ಅವು ಇಲ್ಲದಿರುವುದೇ ಹುಟ್ಟಿನಿಂದ ಬರುವ ಕೆಲವು ರಕ್ತಸ್ರಾವದ ಕಾಯಿಲೆಗಳ ಗುರುತು. ನನ್ನ ಮಟ್ಟಿಗೆ ಈ ಯಂತ್ರದ ನಿಜವಾದ ಬೆಲೆ ಇರುವುದು ಇಂಥ ಕಡೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಎಣಿಸಲು ಇದು ಬೇಕಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದೆ. ನಮಗೆ ಅದಕ್ಕಿಂತ ಹತ್ತಿರದ್ದು ಹೈದರಾಬಾದಿನ ಉಪ್ಪಲ್ ರಸ್ತೆಯ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ). ಸಸ್ತಾಪುರ ಬಂಗ್ಲಾ, ಹುಮನಾಬಾದ್ ಮುಟ್ಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ಕೆಲವೇ ತಾಸಿನ ದಾರಿ. ಟ್ಯೂಬಿನಲ್ಲಿ ಹೊತ್ತು ಕಳೆದಂತೆ ಕೆಂಪು ಕಣ ಮುಳ್ಳಾಗುವುದರಿಂದ ಗ್ಲುಟರಾಲ್ಡಿಹೈಡ್‌ನ ಮೊದಲ ಹಂತ ರಕ್ತ ತೆಗೆದ ಜಾಗದಲ್ಲೇ ಆಗಬೇಕು. ಎಂದರೆ ಹೈದರಾಬಾದಿನ ಚಿತ್ರ ಚೆನ್ನಾಗಿ ಬರುವುದು ಇಲ್ಲಿನ ತಂತ್ರಜ್ಞರ ಕೈಯಲ್ಲಿದೆ. ನಮ್ಮ ಎರಡೂ ತಾಲ್ಲೂಕಿನ ಪದವಿ ಕಾಲೇಜುಗಳ ಜೀವವಿಜ್ಞಾನ ಅಧ್ಯಾಪಕರು ಸಂಸ್ಥೆಯ ಅನುಮತಿ ಪಡೆದು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಬೇಕು.