ಪಾರ್ಕ್ ಸ್ಟ್ರೀಟಿನಲ್ಲಿ ಮೂವರ ಊಟ

ಕೋಲ್ಕತ್ತಾದ ಪಾರ್ಕ್ ಸ್ಟ್ರೀಟಿಗೆ ಈಗ ಮದರ್ ತೆರೇಸಾ ಸರಣಿ ಅಂತ ಹೆಸರು. ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಅದಕ್ಕೂ ಹಿಂದೆ ಅದು ಸ್ಮಶಾನದ ರಸ್ತೆ. 1767ರಲ್ಲಿ ಶುರುವಾದ ಇಂಗ್ಲಿಷರ ಗೋರಿಸ್ಥಾನ ಇವತ್ತಿಗೂ ಅಲ್ಲಿದೆ. ನ್ಯಾಯಾಧೀಶ ಎಲಿಜಾ ಇಂಪೆಯ ಜಿಂಕೆವನ ಅಲ್ಲಿದ್ದುದರಿಂದ 'ಪಾರ್ಕ್' ಬಂತು. ಈಗ ಅಲ್ಲಿಗೆ ಜನ ಹೋಗೋದು ತಿನ್ನಲಿಕ್ಕೆ.

ನಾವು ಮೂವರು ಬಿ.ಎಡ್. ಸಹಪಾಠಿಗಳು. ಒಬ್ಬ ಅಲ್ಲೇ ಕೆಲಸದಲ್ಲಿದ್ದಾನೆ, ನಾನು ಮತ್ತು ಇನ್ನೊಬ್ಬ ಗೆಳೆಯ ಮೆಹಮಾನರು. ಆ ಗೆಳೆಯ ಲಿಂಗಾಯತ, ಮೊಟ್ಟೆಯನ್ನೂ ಮುಟ್ಟುವವನಲ್ಲ. ಹಾಗಾಗಿ ಮೊದಲ ಸಂಜೆಯೇ ಪ್ರಶ್ನೆ ಬಂತು: ಎಲ್ಲಿ ಕೂತ್ಕೊಳ್ಳೋದು?

ಆ ಬೀದಿಯಲ್ಲಿ ಆಯ್ಕೆಗೆ ಬರವಿಲ್ಲ. 1927ರ ಫ್ಲೂರಿಸ್‌ನಲ್ಲಿ ಕೇಕು, ಚಹಾ. ಪೀಟರ್ ಕ್ಯಾಟ್‌ನಲ್ಲಿ ಇರಾನಿ ಮೂಲದ ಚೆಲೊ ಕಬಾಬ್, ಅಂದರೆ ಬೆಣ್ಣೆ ಅನ್ನದ ಮೇಲೆ ಕಬಾಬು, ಮೊಟ್ಟೆ. ಆದರೆ ಅಲ್ಲಿನ ಹಲವು ಹೋಟೆಲುಗಳಲ್ಲಿ ಮದ್ಯವೂ ಇರುತ್ತದೆ, ಕೆಲವೆಡೆ ಹಂದಿಮಾಂಸವೂ ಇರುತ್ತದೆ. ಹಲಾಲ್ ಹೌದೋ ಅಲ್ಲವೋ ಅಂತ ವೇಟರ್ ಹತ್ತಿರ ಕೇಳಲು ನನಗೆ ಸಂಕೋಚ. 2022ರ ಯುಗಾದಿ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸಿ ಅನ್ನುವ ಕೂಗೆದ್ದಿತಲ್ಲ, ಆಮೇಲೆ ಆ ಪದವನ್ನು ಹೊರಗೆ ದೊಡ್ಡದಾಗಿ ಹೇಳಲು ನಾಲಿಗೆ ತಡೆಯುತ್ತದೆ. ನನಗಿಂತ ಮೊದಲು ಕೇಳಿದವನು ಆ ಲಿಂಗಾಯತ ಗೆಳೆಯ. "ಇವ್ರಿಗೆ ಹಲಾಲ್ ಬೇಕು, ನನಗೆ ಬೇರೆ ತವಾ ಬೇಕು. ಎರಡೂ ಆಗುತ್ತಾ?" ಅಂತ ಸೀದಾ ಕೇಳಿಬಿಟ್ಟ. ಅಂಗಡಿಯವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಲಾಲ್ ಹೌದು, ತವಾ ಮಾತ್ರ ಒಂದೇ ಅಂದ. ಗೆಳೆಯ ಬಾಳೆಹಣ್ಣು ತಿಂದು ನಮ್ಮ ಜೊತೆ ನಿಂತ. ಮರುದಿನ ಅವನಿಗೆ ಬೇರೆ ಕಡೆ ಶುದ್ಧ ಶಾಕಾಹಾರಿ ಊಟ ಹುಡುಕಿದೆವು. ಅಲ್ಲಿ ನಾವೂ ಅದನ್ನೇ ತಿಂದೆವು.

ನಾವು ತಿಂದದ್ದು ಕಾಠಿ ರೋಲ್. ಬಂಗಾಳಿಯಲ್ಲಿ 'ಕಾಠಿ' ಅಂದರೆ ಕಡ್ಡಿ. ಕಬ್ಬಿಣದ ಸಲಾಕೆಯ ಬದಲು ಬಿದಿರಿನ ಕಡ್ಡಿಗೆ ಮಾಂಸ ಚುಚ್ಚಿ ಸುಡಲು ತೊಡಗಿದ್ದರಿಂದ ಬಂದ ಹೆಸರು. ಎಣ್ಣೆಯಲ್ಲಿ ಕಾಯಿಸಿದ ಪರಾಠಾದೊಳಗೆ ಕಬಾಬು, ಈರುಳ್ಳಿ, ಹಸಿಮೆಣಸು, ನಿಂಬೆರಸ ಇಟ್ಟು, ಸುತ್ತಿ, ಕಾಗದದಲ್ಲಿ ಮಡಚಿ ಕೊಡುತ್ತಾರೆ. ನ್ಯೂ ಮಾರ್ಕೆಟ್ ಹತ್ತಿರದ ನಿಜಾಮ್ಸ್ ಹೋಟೆಲಿನಲ್ಲಿ ಇದು ಹುಟ್ಟಿತು ಅನ್ನುತ್ತಾರೆ. ನಿಂತೇ ತಿನ್ನಬೇಕು, ಕೂತರೆ ರುಚಿ ಕೆಡುತ್ತೆ ಅನ್ನೋದು ನನ್ನ ಅಭಿಪ್ರಾಯ.

ಬಿರಿಯಾನಿಗೆ ಪಾರ್ಕ್ ಸರ್ಕಸ್ ಕಡೆ ನಡೆದೆವು. ತಟ್ಟೆಯಲ್ಲಿ ಇಡೀ ಆಲೂಗಡ್ಡೆ! ನಮ್ಮ ಮನೆಯಲ್ಲಿ ಹೀಗೆ ಮಾಡಿದರೆ ಅಮ್ಮೀಜಾನ್ ಮುಖ ಸಿಂಡರಿಸುತ್ತಾರೆ. 1856ರಲ್ಲಿ ಅವಧ್ ರಾಜ್ಯ ಕಳೆದುಕೊಂಡ ವಾಜಿದ್ ಅಲಿ ಶಾಹ್ ಇಲ್ಲಿನ ಮಟಿಯಾಬುರ್ಜ್‌ನಲ್ಲಿ ನೆಲೆಸಿದರು. ಬಾವರ್ಚಿಗಳೂ ಜೊತೆಗೇ ಬಂದರು. ಮಾಂಸಕ್ಕೆ ದುಡ್ಡಿಲ್ಲದೆ ಆಲೂಗಡ್ಡೆ ಹಾಕಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆದರೆ ಆಗ ಆಲೂಗಡ್ಡೆ ಹೊಸ, ದುಬಾರಿ ಪದಾರ್ಥವಾಗಿತ್ತು, ಅದು ಬಡತನದ ಗುರುತಲ್ಲ ಅನ್ನೋದು ಅವರ ವಂಶಸ್ಥರ ವಾದ. ನನಗೆ ಇದೇ ಸರಿ ಅನಿಸುತ್ತದೆ. ತಿಂದವರಿಗೆ ಗೊತ್ತು, ಮಸಾಲೆ ಕುಡಿದ ಆ ಆಲೂಗಡ್ಡೆಯನ್ನು ಯಾರೂ ಬದಿಗೆ ಸರಿಸುವುದಿಲ್ಲ.

ಗಡಿಪಾರಾಗಿ ಈ ಊರಿಗೆ ಬಂದವರಲ್ಲಿ ನಮ್ಮವರೂ ಇದ್ದಾರೆ. 1806ರ ವೆಲ್ಲೂರು ದಂಗೆಯ ನಂತರ ಟಿಪ್ಪು ಸುಲ್ತಾನರ ಮಕ್ಕಳನ್ನು ಬ್ರಿಟಿಷರು ಕಲ್ಕತ್ತಾಕ್ಕೆ ಕಳಿಸಿದರು. ಧರ್ಮತಲಾದ ಟಿಪ್ಪು ಸುಲ್ತಾನ್ ಮಸೀದಿಯನ್ನು ಕಟ್ಟಿಸಿದವರು ಮಗ ಗುಲಾಮ್ ಮುಹಮ್ಮದ್. ಇಷ್ಟು ಹೇಳಿದ್ದೇ ತಡ, ಗೆಳೆಯ "ಮತ್ತೆ ಶ್ರೀರಂಗಪಟ್ಟಣದ ಅಡುಗೆಯವರು ಬರಲಿಲ್ವಾ? ಇಲ್ಲಿ ರಾಗಿಮುದ್ದೆ ಎಲ್ಲೂ ಕಾಣ್ತಿಲ್ಲ" ಅಂದ.

ಕೊನೆಗೆ ಮಣ್ಣಿನ ಭಾಂಡದಲ್ಲಿ ಚಹಾ ಕುಡಿದೆವು. ಅದು ಮೂವರಿಗೂ ನಡೆಯುವಂಥದ್ದು. ದುಡ್ಡು ಕೊಡಲು ನಾವಿಬ್ಬರೂ ಜೇಬಿಗೆ ಕೈ ಹಾಕಿದೆವು. ಆತಿಥ್ಯ ವಹಿಸಿದವನು ನಮ್ಮ ಕೈಯನ್ನು ಅಲ್ಲೇ ಹಿಡಿದುಕೊಂಡ. ಚಹಾದವನು ಯಾರ ನೋಟು ತೆಗೆದುಕೊಳ್ಳಬೇಕು ಅಂತ ನಗುತ್ತಾ ಕಾಯುತ್ತಿದ್ದ.